ಕಾಸರಕೋಡದ ಲಕ್ಷ್ಮಣನನ್ನು ನಾನು ಮುಳುಗಿಸಿದ್ದು

ನಮ್ಮ ವಾರಪತ್ರಿಕೆಯಲ್ಲಿ ಪ್ರತಿ ಮಳೆಗಾಲಕ್ಕೂ ಹತ್ತಾರು ಮೀನುಗಾರರು ಮುಳುಗಿ ಸಾಯುತ್ತಿದ್ದರು. ಕಡಲಿನಲ್ಲಿ ಅಷ್ಟು ಜನ ಸಾಯುತ್ತಿರಲಿಲ್ಲ. ಕತೆಯಲ್ಲಿ, ಕವನದಲ್ಲಿ, ಒಮ್ಮೊಮ್ಮೆ ಏಕಾಂಕ ನಾಟಕದಲ್ಲಿ ಅವರು ಸಾಯುತ್ತಿದ್ದರು. ಸಾಯಿಸುತ್ತಿದ್ದವರು ಶಾಲಾ ಮಾಸ್ತರರು, ತಲಾಠಿಗಳು, ವಕೀಲರ ಗುಮಾಸ್ತರು. ಐವತ್ತರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ಎಂ.ಎ. ಮುಗಿಸಿಕೊಂಡು ಕುಮಟೆಯ ಆ ಪತ್ರಿಕೆಗೆ ಉಪಸಂಪಾದಕನಾಗಿ ಸೇರಿದಾಗ ನನ್ನ ಪಾಲಿಗೆ ಬಂದ ಮೊದಲ ಕೆಲಸ ಈ ಹೆಣಗಳನ್ನು ವಿಂಗಡಿಸುವುದಾಗಿತ್ತು. ಅಚ್ಚಿಗೆ ಯೋಗ್ಯವಾದ ಸಾವು ಒಂದು ಕಡತಕ್ಕೆ, ಉಳಿದವು ಅಂಚೆಚೀಟಿ ಇದ್ದರೆ ವಾಪಸು, ಇಲ್ಲದಿದ್ದರೆ ಬಚ್ಚಲ ಒಲೆಗೆ.

ಈಗ ಪತ್ರಿಕೆಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನಂಥ ನಿವೃತ್ತರಿಂದ ಏನಾದರೂ ಕಲಿಯುವುದಿದೆ ಎಂದು ಭಾವಿಸುತ್ತಾರೆ. ಹಾಗೆ ಭಾವಿಸುವವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅಂದಿನ ದಿನಚರಿಗಳು ನನ್ನ ಬಳಿ ಇವೆ. ನೆನಪಿನಲ್ಲಿ ನಾನು ಚುರುಕಾಗಿ ಮಾತನಾಡಿದ ಅನೇಕ ದಿನಗಳಲ್ಲಿ ದಿನಚರಿ ಬರೀ ‘ಪ್ರೂಫು. ಹೊಟ್ಟೆನೋವು.’ ಎನ್ನುತ್ತದೆ. ಎರಡಕ್ಕೂ ಜಗಳವಾದಲ್ಲಿ ಹಾಗೆಂದು ಹೇಳುತ್ತ ಹೋಗುತ್ತೇನೆ.

ಪತ್ರಿಕೆಯ ಮಾಲೀಕರೂ ಸಂಪಾದಕರೂ ಆಗಿದ್ದವರು ಶಾನಭಾಗರು. ಕೊಂಕಣಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಮನುಷ್ಯ. ಬಿರುಗಾಳಿ ಸಾಹಿತ್ಯವೆಂದರೆ ಅವರಿಗೆ ಪ್ರಾಣ. ದೀಪಾವಳಿ ವಿಶೇಷಾಂಕದ ಪುಟ ಹಾಕುವಾಗ, “ಒಬ್ಬನಾದರೂ ಮುಳುಗಬೇಕು ಮಾರಾಯಾ. ಇಲ್ಲದಿದ್ರೆ ಓದಿದವರಿಗೆ ಹಬ್ಬ ಅಂತ ಅನ್ನಿಸೂದಿಲ್ಲ,” ಎನ್ನುತ್ತಿದ್ದರು. ಸ್ವತಃ ಅವರು ಹೊನ್ನಾವರದ ಹೊಳೆಯನ್ನು ತಾರಿ ದೋಣಿಯಲ್ಲಿ ದಾಟುವಾಗಲೂ ಕಣ್ಣು ಮುಚ್ಚಿ ದೇವರ ನಾಮ ಹೇಳುವವರು.

ನಮ್ಮ ಅತ್ಯಂತ ನಂಬಿಕಸ್ಥ ಬಿರುಗಾಳಿ ಕವಿ ಇದ್ದದ್ದು ಸಂತೆಗುಳಿಯಲ್ಲಿ, ಕಡಲಿನಿಂದ ಗುಡ್ಡಗಳಾಚೆ. ಸ್ವಂತ ತೋಟವಿದ್ದ ಹಿರಿಯರು. ತಿಂಗಳಿಗೊಮ್ಮೆ ಅವರ ಕಡೆಯಿಂದ ಒಂದು ದೋಣಿ ಮುಳುಗುತ್ತಿತ್ತು. ಒಮ್ಮೆ ಪತ್ರಿಕೆಯ ಚಂದಾ ಕಟ್ಟಲು ಬಂದಿದ್ದವರನ್ನು ನಾನು, “ಒಂದು ದಿನ ಸಮುದ್ರದ ಕಡೆ ಹೋಗಿ ಬರೋಣವೇ?” ಎಂದು ಕೇಳಿದೆ.

“ಬ್ಯಾಡದಾ ತಮಾ,” ಎಂದರು ಅವರು ಗಾಬರಿಯಾಗಿ. “ಆನು ಒಂದ್ಸಲ ಹೋಗಿ ನೋಡಿದ್ದೆ. ಅಲ್ಲಿ ಕುಂತ್ರೆ ಪದ್ಯ ಬತ್ತಿಲ್ಲೆ. ಬರೀ ಮೀನಿನ ವಾಸನೆ ಬತ್ತು.”

ನಕ್ಕು ಬಿಟ್ಟೆ. ಅವರು ಆ ದಿನ ಹೇಳಿದ್ದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯ ಮಾತನ್ನು ಆಮೇಲೆ ಹೆಚ್ಚು ಕೇಳಿಲ್ಲ ಎಂದು ಈಗ ಅನ್ನಿಸುತ್ತದೆ.

ಅವರದೇ ಒಂದು ಕವನದಿಂದ ದುರ್ಗಯ್ಯನ ಪರಿಚಯವಾಯಿತು. ಆಷಾಢದ ಬಿರುಗಾಳಿಯಲ್ಲಿ ದೋಣಿ ಹೊರಡುತ್ತದೆ, ದಡದಲ್ಲಿ ಹೆಂಡತಿ ದೀಪ ಹಿಡಿದು ನಿಲ್ಲುತ್ತಾಳೆ, ದೀಪ ಆರುತ್ತದೆ, ಗಂಡ ಮುಳುಗುತ್ತಾನೆ. ಅಚ್ಚಾದ ಮರುವಾರ, ಕಪ್ಪಗೆ ಎತ್ತರವಾಗಿದ್ದ ಐವತ್ತರ ಮೇಲಿನ ಒಬ್ಬಾತ ಕಚೇರಿಯ ಮೆಟ್ಟಿಲ ಮೇಲೆ ಬಂದು ನಿಂತ. ಹೊನ್ನಾವರದ ಹೊಳೆಯಾಚೆಯ ಕಾಸರಕೋಡದವನು, ಅಲ್ಲಿನ ಮೀನುಗಾರರ ಕೂಟಕ್ಕೆ ಬುದವಂತ, ಅಂದರೆ ನ್ಯಾಯ ಹೇಳುವ ಯಜಮಾನ. ಓದು ಬರಹ ಬಾರದು. ಆ ಕೇರಿಗೆಲ್ಲ ನಮ್ಮ ಪತ್ರಿಕೆಯ ಒಂದೇ ಪ್ರತಿ ಹೋಗುತ್ತಿತ್ತು. ಚಹಾದಂಗಡಿಯಲ್ಲಿ ಶಾಲೆಯ ಮಾಸ್ತರರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು.

“ಪೇಪರ್ ಮಾಸ್ತರ್ರು ನೀವೇಯಾ?” ಎಂದು ಕೇಳಿದ. ಹೌದೆಂದೆ.

“ಆಷಾಢದಲ್ಲಿ ನಮ್ಮ ದೋಣಿ ತೆಂಗಿನ ಮಡಲು ಹೊದ್ಕಂಡು ದಡದ ಮೇಲೆ ಮಲಗಿರ್ತದೆ. ಆಗ ಕಡಲಿಗೆ ಹೋಗೂಕೆ ನಮಗೇನು ಹುಚ್ಚಾ? ಹೇಳಿ ಕೇಳಿ ಬರು ಗಾಳಿಗೆ ಯಾರೂ ಸಾಯೂದಿಲ್ಲ. ಚೌತಿ ಕಳೆದ ಮೇಲೆ ಆಕಾಶ ತೊಳೆದಿಟ್ಟ ಬಟ್ಲ ಹಾಗೆ ಇರ್ತದಲ್ಲ, ಆಗ ಸಾಯೂದು.”

“ಅದು ಕವಿತೆ, ದುರ್ಗಯ್ಯ...”

“ಆತು. ಮತ್ತೆ ಆ ದೀಪ ಎಂತದು? ಅಷ್ಟು ಗಾಳಿಗೆ ದೀಪ ನಿಲ್ತದಾ? ನಮ್ಮ ಹೆಂಗಸ್ರು ದೀಪ ಹಿಡ್ಕಂಡು ನಿಂತ್ರೆ ಮೀನು ಒಣಗ್ಸೂದು ಯಾರು, ನೀವಾ?”

ಒಳಗಿನಿಂದ ಶಾನಭಾಗರು ನಗುವುದು ಕೇಳಿಸಿತು. ದುರ್ಗಯ್ಯ ನಗಲಿಲ್ಲ. ಧಾರವಾಡದ ನನ್ನ ಪ್ರಾಧ್ಯಾಪಕರು ಎರಡು ವರ್ಷದಲ್ಲಿ ಕಲಿಸಲಾಗದ್ದನ್ನು ಅವನು ಮೆಟ್ಟಿಲ ಮೇಲೆ ನಿಂತೇ ಕಲಿಸಿ ಹೋದ. ತೊಂದರೆ ಏನಾಯಿತೆಂದರೆ, ನಾನು ಅದನ್ನು ಅತಿಯಾಗಿ ಕಲಿತೆ. ಇನ್ನು ಮೇಲೆ ಬಿರುಗಾಳಿಯ ಕತೆ ಬಂದರೆ ನಿಜದಂತೆ ಇರಬೇಕು, ಅಂಥದ್ದನ್ನು ಬರೆಯಬಲ್ಲವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ತೀರ್ಮಾನಿಸಿಕೊಂಡೆ.

ಅವಕಾಶ ಬರಲು ತಡವಾಗಲಿಲ್ಲ. ಅರವತ್ತರ ದಶಕದ ಆರಂಭದ ಒಂದು ವರ್ಷ, ದಸರೆ ಕಳೆದು ನಾಲ್ಕೈದು ದಿನಗಳಾಗಿದ್ದವು. ದುರ್ಗಯ್ಯ ಹೇಳಿದಂತೆಯೇ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದಲೋ ಗಾಳಿ ಬಂದು ಕಾಸರಕೋಡದ ಒಂದು ದೋಣಿ ಮಗುಚಿತು. ನಾಲ್ವರಲ್ಲಿ ಮೂವರು ಮಗುಚಿದ ದೋಣಿಯನ್ನು ತಬ್ಬಿಕೊಂಡು ಮರುದಿನ ಮಂಕಿಯ ಕಡೆ ದಡ ಸೇರಿದರು. ನಾಲ್ಕನೆಯವನಾದ ಲಕ್ಷ್ಮಣ ಸಿಗಲಿಲ್ಲ. ಹೆಣವೂ ಸಿಗಲಿಲ್ಲ.

ನಾನು ಬಸ್ಸು ಹಿಡಿದು ಹಳದೀಪುರದ ಮೇಲೆ ಹೊನ್ನಾವರಕ್ಕೆ ಹೋಗಿ, ತಾರಿ ದಾಟಿ ಕಾಸರಕೋಡ ಮುಟ್ಟಿದೆ. ಬದುಕಿ ಬಂದವರಲ್ಲಿ ನಾಗಪ್ಪ ಎಂಬ ಯುವಕ ಮಾತ್ರ ಎದ್ದು ಕೂತಿದ್ದ. ಅವನನ್ನು ಬಹಳ ಹೊತ್ತು ಕೆದಕಿದೆ. ಅವನು ಹೇಳಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಪೂರ್ತಿಯಾಗಿ ಅದು ಇಷ್ಟೇ: “ನೀರು ಬಂತು. ನಾವು ಮೂರು ಜನ ಇದ್ವು. ಅವ ಇತ್ತಿಲ್ಲ.”

ಇಷ್ಟರಿಂದ ಕತೆಯಾಗುತ್ತದೆಯೇ? ನಾನು ಮಾಡಿದೆ. ನಾಗಪ್ಪನೇ ಹೇಳುವಂತೆ ಬರೆದೆ. ಊರು ಕಾಸರಕೋಡ ಎಂದೇ ಇಟ್ಟೆ. ಲಕ್ಷ್ಮಣನ ಹೆಸರನ್ನು ರಾಮ ಎಂದು ಬದಲಿಸಿ, ಸಾಹಿತ್ಯದ ಮರ್ಯಾದೆ ಕಾಪಾಡಿದೆ ಎಂದುಕೊಂಡೆ. ದೀಪ ಹಿಡಿದ ಹೆಂಡತಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಮಾತ್ರ ಒಂದು ಚಿತ್ರ ಬೇಕೆನ್ನಿಸಿತು. ನಾಗಪ್ಪ ಮಾತನಾಡುವಾಗ ಅವನ ಮಣಿಕಟ್ಟಿನಲ್ಲಿ, ನೂಲು ಹುಣ್ಣಿಮೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಕಂಡಿತ್ತು. ಅದನ್ನು ಅವನ ಕೈಯಿಂದ ಬಿಚ್ಚಿ ಕತೆಯಲ್ಲಿ ಮುಳುಗುವವನ ಕೈಗೆ ಕಟ್ಟಿದೆ: ‘ಅಲೆಯ ಮೇಲೊಮ್ಮೆ ಕೈ ಎದ್ದಿತು. ಮಣಿಕಟ್ಟಿನಲ್ಲಿ ಕೆಂಪು ದಾರ. ಮತ್ತೆ ಕಡಲು ಮಾತ್ರ ಉಳಿಯಿತು.’

ಶಾನಭಾಗರು ಓದಿ ಕಣ್ಣೊರೆಸಿಕೊಂಡರು. “ಇದು ಮುಳುಗಿಸೂದು ಅಂದ್ರೆ,” ಎಂದರು.

ಆಗ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುವ ಕಾಲ. ಪುಟದಲ್ಲಿ ಒಂದು ಸಾಲು ಹೆಚ್ಚಾದರೆ ಏನನ್ನಾದರೂ ಕಿತ್ತು ತೆಗೆಯಬೇಕು. ವಿಶೇಷಾಂಕದ ಆ ಪುಟದ ಕೆಳಗೆ ಭಟ್ಕಳದ ಬಟ್ಟೆ ಅಂಗಡಿಯ ಜಾಹೀರಾತು ಕೂರಬೇಕಿತ್ತು. ಒಂದು ಸಾಲಿನ ಜಾಗ ಸಾಲಲಿಲ್ಲ. ಮೊಳೆ ಜೋಡಿಸುವವನು ಶೀರ್ಷಿಕೆಯ ಮೇಲಿದ್ದ ‘ಕತೆ’ ಎಂಬ ಪದವನ್ನು ತೆಗೆದು ಜಾಗ ಮಾಡಿದ. ಕಡೆಯ ಪ್ರೂಫು ನೋಡಿ ಸಹಿ ಹಾಕಿದವನು ನಾನು. ಗಮನಿಸಲಿಲ್ಲ ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಆ ದಿನದ ದಿನಚರಿಯಲ್ಲಿ ‘ಪುಟ ೧೪ ಚೆನ್ನಾಗಿ ಬಂದಿದೆ, ಸುದ್ದಿಯಷ್ಟೇ ಗಟ್ಟಿ’ ಎಂದಿದೆ. ಆ ಸಾಲನ್ನು ಓದಿದಾಗಲೆಲ್ಲ ನನಗೆ ನನ್ನ ಮೇಲೆ ಅನುಮಾನ ಬರುತ್ತದೆ. ಹೊಸಬರಿಗೆ ಇಷ್ಟು ಹೇಳಬಲ್ಲೆ: ಪ್ರೂಫು ನೋಡುವವನ ಕಣ್ಣಿಗೆ ತಪ್ಪುವ ತಪ್ಪುಗಳಲ್ಲಿ ಕೆಲವು ಅವನಿಗೆ ಇಷ್ಟವಾದವು.

ದೀಪಾವಳಿ ವಿಶೇಷಾಂಕ ಎಂದಿನಂತೆ ತುಳಸಿ ಮದುವೆಯ ಹೊತ್ತಿಗೆ ಹೊರಬಂತು. ಚಹಾದಂಗಡಿಯಲ್ಲಿ ಮಾಸ್ತರರು ಹದಿನಾಲ್ಕನೆಯ ಪುಟ ಓದಿದರು. ಕೇಳಿದವರಿಗೆ ಅದು ಕತೆ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಲಕ್ಷ್ಮಣ ರಾಮನಾಗಿದ್ದು? ಸತ್ತವನ ಹೆಸರು ಅಚ್ಚಿನಲ್ಲಿ ಹಾಕಬಾರದೆಂದು ಪೇಪರಿನವರು ತೋರಿಸಿದ ಮರ್ಯಾದೆ ಎಂದು ಅವರು ಅರ್ಥ ಮಾಡಿಕೊಂಡರು.

ಇದರ ಪರಿಣಾಮ ನನಗೆ ತಿಳಿದದ್ದು ಮಾದೇವಿ ಕಚೇರಿಗೆ ಬಂದಾಗ. ಲಕ್ಷ್ಮಣನ ಹೆಂಡತಿ ಅವಳು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಣಮೀನಿನ ಬುಟ್ಟಿ ಹೊರಗಿಟ್ಟು, ಕೈ ತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡವಳು ಬಾಗಿಲಲ್ಲಿ ನಿಂತಳು. ನಾನು ಅವಳ ಬಳೆಯನ್ನು ನೋಡಿದ್ದು ಅವಳಿಗೆ ಕಂಡಿತು.

“ತೆಗೂಕೆ ಬಿಡೂದಿಲ್ಲ ಮಾಸ್ತರ್ರೆ,” ಎಂದಳು.

ಆಮೇಲೆ ವಿವರಿಸಿದಳು. ಹೆಣ ಸಿಗದೆ ಹೋದರೆ, ಸತ್ತದ್ದನ್ನು ಕಣ್ಣಾರೆ ಕಂಡೆ ಎಂದು ಒಬ್ಬನಾದರೂ ಕೂಟದ ಮುಂದೆ ಹೇಳಬೇಕು. ಹೇಳುವವರಿಲ್ಲದಿದ್ದರೆ ಅವನು ಸತ್ತಿಲ್ಲ. ಹನ್ನೆರಡು ವರ್ಷ ಕಾಯಬೇಕು. ಆಮೇಲೆ ದರ್ಭೆಯ ಗೊಂಬೆ ಸುಟ್ಟು ಕ್ರಿಯೆ. ಅಲ್ಲಿಯವರೆಗೆ ಅವಳು ಮುತ್ತೈದೆ, ಅತ್ತೆಯ ಮನೆಯ ಸೊಸೆ. ಅವರಲ್ಲಿ ಗಂಡ ಸತ್ತವಳು ಉಡಿಕೆಯಾಗಬಹುದು, ಎಂದರೆ ಇನ್ನೊಬ್ಬನೊಡನೆ ಸಂಸಾರ ಹೂಡಬಹುದು. ಭಟ್ಕಳದಲ್ಲಿ ಅವಳ ಸೋದರಮಾವನ ಮಗನೊಬ್ಬ ಹೆಂಡತಿ ಸತ್ತವನಿದ್ದ, ಕೇಳಿಕೊಂಡು ಬಂದಿದ್ದ. ಆದರೆ ಗಂಡ ಕಾಣೆಯಾದವಳಿಗೆ ಉಡಿಕೆ ಇಲ್ಲ.

“ಅತ್ತೆಗೆ ಮಗ ಇದ್ದಾನೆ ಅಂತ. ರತ್ನಾಗಿರಿ ಮಚವೆ ಹಡಗಿನವ್ರು ಎತ್ತಿ ಹಾಕ್ಕಂಡು ಹೋಗಿದ್ದಾರೆ ಅಂತ. ದಿನಾ ಅವ್ನಿಗೆ ಒಂದು ಬಟ್ಲು ಗಂಜಿ ಇಡೂದು, ಸಂಜೆಗೆ ಅದ್ನ ನಾನು ಉಣ್ಣೂದು. ನಿಮ್ಮ ಪೇಪರ್ ಬಂದ ಮೇಲೆ ಬುದವಂತ್ರು ಅಮಾಸೆಗೆ ಕೂಟ ಕರ್ದಿದ್ದಾರೆ. ನಾಗಪ್ಪ ಕಂಡದ್ದು ಹೇಳ್ತೆ ಅಂದಿದ್ದಾನೆ.”

“ನಾಗಪ್ಪ ಏನೂ ಕಂಡಿಲ್ಲ, ಮಾದೇವಿ. ಅದು ನಾನು ಬರೆದ ಕತೆ.”

“ಕತೆ ಅಂದ್ರೆ? ಸುಳ್ಳಾ?”

ನನ್ನ ಎಂ.ಎ. ಬಾಯಿಬಿಟ್ಟಿತು. ಸುಳ್ಳಲ್ಲ, ಕಲ್ಪನೆ, ಕಲ್ಪನೆಗೂ ಒಂದು ಬಗೆಯ ಸತ್ಯವಿದೆ ಎಂದೆಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು.

“ಹಾಗಾರೆ ಸುಳ್ಳಲ್ಲ,” ಎಂದಳು. “ನೀವು ಬಂದು ಎಂತದೂ ಹೇಳೂದು ಬ್ಯಾಡ. ಸುಮ್ನಿದ್ರೆ ಸಾಕು. ಸುಮ್ನಿರೂಕೆ ಆಗ್ತದಲ್ಲ?”

ಆಗುತ್ತದೆ ಎಂದೆ. ಇದು ನೆನಪಿನಲ್ಲೂ ಇದೆ, ದಿನಚರಿಯಲ್ಲೂ ಇದೆ.

ಹಾಗಿದ್ದರೆ ನಾನು ಅಮಾವಾಸ್ಯೆಯ ದಿನ ಕಾಸರಕೋಡಕ್ಕೆ ಹೋದದ್ದೇಕೆ? ಕೂಟದ ರೀತಿ ನೋಡಿ ಒಂದು ಲೇಖನ ಬರೆಯಬಹುದು ಎಂದು ಶಾನಭಾಗರಿಗೆ ಹೇಳಿದ್ದೆ. ಬಹುಶಃ ನನ್ನ ಕತೆಗೆ ಏನಾಗುತ್ತದೆ ಎಂದು ನೋಡುವ ಆಸೆಯಿತ್ತು. ಕತೆ ಬರೆದವನಿಗೆ ತನ್ನ ಓದುಗರು ಒಂದೆಡೆ ಸೇರಿ ಕೂತದ್ದು ಕಾಣುವ ಅವಕಾಶ ಎಷ್ಟು ಸಲ ಸಿಗುತ್ತದೆ?

ಮಧ್ಯಾಹ್ನ ಮೀನು ಒಣಗಿಸುವ ಬಯಲಿನಾಚೆ, ಹೊನ್ನೆಮರದ ಕೆಳಗೆ ಕೂಟ ಸೇರಿತ್ತು. ಗಂಡಸರು ಮರಳಿನ ಮೇಲೆ, ಹೆಂಗಸರು ಸ್ವಲ್ಪ ದೂರದಲ್ಲಿ. ಅತ್ತೆ ದೇವಮ್ಮ ಒಂದು ಕಡೆ, ಮಾದೇವಿ ಇನ್ನೊಂದು ಕಡೆ. ನನಗೆ ಒಂದು ಮರದ ಪೆಟ್ಟಿಗೆ ಹಾಕಿ ಕೂರಿಸಿದರು. ದುರ್ಗಯ್ಯ ನಾಗಪ್ಪನನ್ನು ಮುಂದೆ ಕರೆದ.

“ಕಡಲ ಕಡೆ ಮುಖ ಮಾಡಿ ಹೇಳು. ಎಂತ ಕಂಡೆ?”

ನಾಗಪ್ಪ ಕಡಲ ಕಡೆ ತಿರುಗಿದ. ತಡವರಿಸಲಿಲ್ಲ. “ಅಲೆಯ ಮೇಲೊಮ್ಮೆ ಕೈ ಎದ್ದಿತು,” ಎಂದ. “ಮಣಿಕಟ್ಟಿನಲ್ಲಿ ಕೆಂಪು ದಾರ. ಮತ್ತೆ ಕಡಲು ಮಾತ್ರ ಉಳಿಯಿತು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ಮಾತಿಲ್ಲದೆ ಒಳಗೆ ಕೂತಿದ್ದ ಭಯಕ್ಕೆ ನನ್ನ ಮೂರು ವಾಕ್ಯಗಳು ಸಿಕ್ಕಿದ್ದವು. ಅವನು ಅದನ್ನು ಕಂಡೇ ಬಿಟ್ಟಿದ್ದ. ಅವನ ಮಾತು ಮಾತ್ರ ಕಾಸರಕೋಡದ್ದಾಗಿರಲಿಲ್ಲ. ಒಂದಕ್ಷರ ಬಿಡದೆ ಹದಿನಾಲ್ಕನೆಯ ಪುಟವಾಗಿತ್ತು.

ನಾನು ಎದ್ದು ನಿಂತೆ. ಏಕೆ ಎದ್ದೆ ಎಂಬುದನ್ನು ಈ ಐವತ್ತು ವರ್ಷಗಳಲ್ಲಿ ಹಲವು ಬಗೆಯಲ್ಲಿ ಹೇಳಿಕೊಂಡಿದ್ದೇನೆ. ಆತ್ಮಸಾಕ್ಷಿ ಎಂದು ಬಹಳ ಕಾಲ ಹೇಳಿದೆ. ಸುಳ್ಳು ಸಾಕ್ಷಿಯಿಂದ ಒಬ್ಬ ತಾಯಿಯ ಆಸೆ ಕೊಲ್ಲಬಾರದು ಎಂದೂ ಹೇಳಿದ್ದುಂಟು. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು ಏನೆಂದು ದಿನಚರಿ ಬರೆದಿಟ್ಟಿದೆ: “ಅದು ನನ್ನ ವಾಕ್ಯ.”

ಕೂಟದವರು ತಿರುಗಿ ನೋಡಿದರು. ಇನ್ನು ಕೂರುವಂತಿರಲಿಲ್ಲ. ಅದು ಕತೆ, ಪುಟದಿಂದ ಆ ಪದ ಬಿದ್ದುಹೋಗಿದೆ, ಕೈ ಎದ್ದದ್ದು ನನ್ನ ಕಲ್ಪನೆ, ದಾರ ನಾಗಪ್ಪನ ಕೈಯಲ್ಲಿ ಕಂಡದ್ದು ಎಂದು ಎಲ್ಲವನ್ನೂ ಹೇಳಿದೆ. ನಾಗಪ್ಪ ತನ್ನ ಮಣಿಕಟ್ಟನ್ನು ನೋಡಿಕೊಂಡ. ಬಣ್ಣ ಹೋದ ದಾರ ಇನ್ನೂ ಅಲ್ಲಿತ್ತು.

ದುರ್ಗಯ್ಯ ನಾಗಪ್ಪನ ಕೈ ಹಿಡಿದು ಆ ದಾರವನ್ನು ನೋಡಿದ. ಆಮೇಲೆ, “ಚಂದ ಆತು,” ಎಂದ. “ದೋಣಿಯಲ್ಲಿದ್ದವ ಕಂಡೆ ಅಂತಾನೆ. ಕುಮಟೆಯಲ್ಲಿ ಕುರ್ಚಿ ಮೇಲಿದ್ದವ್ರು ಇವ ಕಂಡಿಲ್ಲ ಅಂತಾರೆ. ಸುಳ್ಳು ಬರ್ದೆ ಅಂತ ತಾವೇ ಹೇಳ್ತಾರೆ. ಆ ಮಾತಾದ್ರೂ ನಿಜ ಅಂತ ಹ್ಯಾಂಗೆ ನಂಬೂದು?”

ಕೆಲವರು ನಕ್ಕರು. ಅವನು ನಾಗಪ್ಪನ ಕಡೆ ತಿರುಗಿದ.

“ಪೇಪರ್ ಓದೂಕೆ ಮೊದ್ಲು ಈ ದಾರದ ಮಾತು ಯಾರ ಹತ್ರಾದ್ರೂ ಹೇಳಿದ್ಯಾ? ನಿನ್ನ ಹೆಂಡ್ತಿ ಹತ್ರ? ಅವ್ವಿ ಹತ್ರ?”

ನಾಗಪ್ಪ ತಲೆ ತಗ್ಗಿಸಿದ.

“ಆತು. ಕಂಡವ್ರಿಲ್ಲ. ಕಾಯೂದು.”

ಅಷ್ಟೇ. ನಾನು ಓದಿದ ಯಾವ ವಿಮರ್ಶಕನೂ ಮೂಲಪಾಠವನ್ನು ಅಷ್ಟು ಚೊಕ್ಕವಾಗಿ ಪರೀಕ್ಷಿಸಿದ್ದನ್ನು ಕಂಡಿಲ್ಲ. ದೇವಮ್ಮ ಓಡಿಬಂದು ನನ್ನ ಕಾಲ ಬಳಿ ಮರಳಿಗೆ ಹಣೆ ಮುಟ್ಟಿಸಿ, “ನನ್ನ ಮಗನ್ನ ಉಳಿಸಿ ಕೊಟ್ರಿ ಒಡಿಯಾ! ನಿಮ್ಮ ಬಾಯಿಗೆ ಸಕ್ರೆ ಹಾಕ,” ಎಂದು ಅತ್ತಳು. ಮಾದೇವಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ನೋಡಿದಾಗ ಅವಳು ಆಗಲೇ ಎದ್ದು, ಒಣಗಲು ಹರವಿದ್ದ ಮೀನಿನಿಂದ ಕಾಗೆ ಓಡಿಸುತ್ತಿದ್ದಳು.

ಮರುವಾರ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದೆ. ವಿಶೇಷಾಂಕದ ಹದಿನಾಲ್ಕನೆಯ ಪುಟದ ಬರಹ ಕತೆಯಾಗಿದ್ದು, ಕಣ್ತಪ್ಪಿಗೆ ವಿಷಾದಿಸುತ್ತೇವೆ ಎಂದು. ನನ್ನ ವೃತ್ತಿಜೀವನದಲ್ಲಿ ಅಚ್ಚಾದ ಸಾಲುಗಳಲ್ಲಿ ಪೂರ್ತಿ ಸತ್ಯವಾದದ್ದು ಬಹುಶಃ ಇದೊಂದೇ. ಅದರಲ್ಲೂ ಕಣ್ತಪ್ಪು ಎಂಬ ಮಾತಿನ ಬಗ್ಗೆ ನನ್ನ ಅನುಮಾನವನ್ನು ಆಗಲೇ ಹೇಳಿದ್ದೇನೆ. ಶಾನಭಾಗರಿಗೆ ಸಿಟ್ಟು ಬಂತು. “ಮುಳುಗಿದವನನ್ನ ಎಬ್ಬಿಸಿ ತರ್ತಾರಾ ಯಾರಾದ್ರೂ?” ಎಂದು ಕೊಂಕಣಿಯಲ್ಲಿ ಶುರುಮಾಡಿ, ಕನ್ನಡಕ್ಕೆ ಬರುವ ಮೊದಲೇ ಸುಮ್ಮನಾದರು.

ಮುಂದೆ ನಾನು ಬಿರುಗಾಳಿಯ ಕತೆಗಳನ್ನು ತಿರುಗಿಸಿ ಕಳಿಸತೊಡಗಿದೆ. ಜನ ಅದನ್ನು ಸಾಹಿತ್ಯದ ಅಭಿರುಚಿ ಎಂದರು. ನಾನೂ ತಿದ್ದಲಿಲ್ಲ.

ಐದು ವರ್ಷಗಳ ನಂತರ ಒಂದು ಬೆಳಿಗ್ಗೆ ಕುಮಟೆಯ ಮೀನುಪೇಟೆಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಮೀನಿಲ್ಲದೆ ಊಟ ಇಳಿಯುವುದಿಲ್ಲ. ಇಸವಣ ಮೀನಿನ ರಾಶಿಯ ಮುಂದೆ ಕೂತವಳು ಮಾದೇವಿ ಎಂದು ಗುರುತು ಹತ್ತಿದ್ದು ಎದುರು ನಿಂತ ಮೇಲೆ. ತಪ್ಪಿಸಿಕೊಂಡು ಹೋಗುವುದು ಆಗಲಿಲ್ಲ.

“ಎಂತ ಮಾಸ್ತರ್ರೆ, ಗುರ್ತ ಇಲ್ವಾ?”

ಇದೆ ಎಂದೆ. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

“ಇದ್ದಾಳೆ. ಈಗ ಕಣ್ಣು ಕಾಣೂದಿಲ್ಲ. ಬಾಗ್ಲು ಸದ್ದಾದ್ರೆ ಲಕ್ಷ್ಮಣಾ ಅಂತಾಳೆ. ನಾನು ಹೌದು ಅಂತೇನೆ ಒಮ್ಮೊಮ್ಮೆ.”

“ಭಟ್ಕಳದವನು...?”

“ಅವ ಎರಡನೇ ವರ್ಷಕ್ಕೇ ಬೇರೆ ಮಾಡ್ಕಂಡ. ಅವ್ನಾದ್ರೂ ಎಷ್ಟು ಕಾಯೂದು? ಚಂದ ಇದ್ದಾನೆ. ಎರಡು ಮಕ್ಳು.” ಮೀನನ್ನು ಎತ್ತಿ ಕಿವಿರು ಬಿಡಿಸಿ ತೋರಿಸಿದಳು, ಒಳಗೆ ಕೆಂಪಗಿತ್ತು. ಆಮೇಲೆ, ಬೆಲೆಯ ಮಾತಾಡುವ ದನಿಯಲ್ಲೇ, “ಒಂದು ಕೇಳ್ಬೇಕು ಅಂತಿದ್ದೆ. ನಿಮ್ಮ ಕತೆಯಲ್ಲಿ ಸುಳ್ಳು ಎಂತದಿತ್ತು?” ಎಂದಳು.

“ದಾರ,” ಎಂದೆ. “ಕೈ ಎದ್ದದ್ದು, ಆ ದಾರ.”

“ಮತ್ತೆ ಅವ ಸತ್ತದ್ದು?”

ನಾನು ಕೈಚೀಲದ ಬಾಯಿ ಬಿಡಿಸತೊಡಗಿದೆ.

“ಅದು ಸುಳ್ಳಲ್ಲ. ಅದು ನಿಮಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಬುದವಂತ್ರಿಗೂ ಗೊತ್ತಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. “ಒಂದು ದಾರಕ್ಕೆ ಹನ್ನೆರಡು ವರ್ಷ. ಐದು ಆತು.”

ಹಿಂದೆ ನಿಂತವರು ಅವಸರ ಮಾಡುತ್ತಿದ್ದರು.

“ಸಾರಿಗಾ, ಹುರಿಯೂಕಾ?” ಎಂದು ಕೇಳಿದಳು.

“ಸಾರಿಗೆ,” ಎಂದೆ.

ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಅಡ್ಡ ಬರದಂತೆ ಬಿಗಿಯಾಗಿ ಕೂರಿಸಿಕೊಂಡು, ಮಾದೇವಿ ಮೀನು ಹೆಚ್ಚಲು ಶುರುಮಾಡಿದಳು.